ಅಪ್‌ಡೇಟ್: ಟ್ರೆಡ್‌ಮಿಲ್ ಮೇಲೆ ಮುಷ್ಕರ ಹೂಡಿದ್ದ ಇಲಿಗಳು ಕೊನೆಗೂ ಓಡಿದವು

ದಣಿಯುವವರೆಗೆ ಓಡಿಸುವ ಪರೀಕ್ಷೆಯಲ್ಲಿ ನಮ್ಮ ಲ್ಯಾಬ್ ಇಲಿಗಳು 10 ನಿಮಿಷಕ್ಕೇ ಟ್ರೆಡ್‌ಮಿಲ್‌ನ ಹಿಂತುದಿಯ ಶಾಕ್ ಕಂಬಿಗಳ (ಓಟ ನಿಲ್ಲಿಸಿದರೆ ಸಣ್ಣ ವಿದ್ಯುತ್ ಶಾಕ್ ಕೊಡುವಂಥವು) ಮೇಲೆ ಕೂತುಬಿಡುತ್ತವೆ, ಏನು ಮಾಡಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆನಲ್ಲ, ಅದರ ಕಥೆ ಇದು.

ಶಾಕ್ ಜಾಸ್ತಿ ಮಾಡುವ ಸಲಹೆ ಕೆಲಸ ಮಾಡಲಿಲ್ಲ. ಒಂಚೂರು ಏರಿಸಿದ್ದಕ್ಕೇ ಹೆದರಿ ಎಗರಾಡಿದವು, ತಕ್ಷಣ ನಿಲ್ಲಿಸಿದೆ. ಕೈ ಹಿಡಿದದ್ದು ಮೊದಲು ರೂಢಿ ಮಾಡಿಸಿ ಅಂದವರ ಮಾತು. 5 ದಿನ, ದಿನಕ್ಕೆ 10 ನಿಮಿಷ, ನಿಧಾನ ವೇಗ. ಶಾಕ್ ಆಫ್. ನಿಂತರೆ ಮೆತ್ತನೆಯ ಬ್ರಷ್‌ನಿಂದ ಬಾಲದ ಬುಡ ಸವರಿದರೆ ಸಾಕು, ಮುಂದಕ್ಕೆ ಓಡುತ್ತಿದ್ದವು. ಈಗ ಹೆಚ್ಚಿನವು ಮುಕ್ಕಾಲು ಗಂಟೆ ಓಡುತ್ತಿವೆ.

ನಾಚಿಕೆಯ ವಿಷಯ ಇನ್ನೊಂದಿದೆ. ಇಲಿ ರಾತ್ರಿ ಚುರುಕಾಗುವ ಪ್ರಾಣಿ ಅಲ್ವಾ? ನಾನು ಬೆಳಗ್ಗೆ, ಅವುಗಳ ನಿದ್ದೆ ಹೊತ್ತಲ್ಲಿ ಓಡಿಸುತ್ತಿದ್ದೆ! ಈಗ ಕತ್ತಲ ಅವಧಿಯಲ್ಲಿ, ಮಂದ ಕೆಂಪು ದೀಪದಡಿ ಪರೀಕ್ಷೆ. ಹಳೆಯ ಅಂಕಿಗಳನ್ನೆಲ್ಲ ಪಕ್ಕಕ್ಕಿಟ್ಟೆ. ಅವು ಅಳೆದದ್ದು ದಣಿವನ್ನಲ್ಲ, ಮನಸ್ಸಿಲ್ಲದ್ದನ್ನು.