ರಿಸಿಂಡ್ ಅಂದರೆ ಬರೀ ಕ್ಯಾನ್ಸಲ್ ಅಂತಲೇನಾ?

ಪದಹುಳ:
ಒಂದು ಸುದ್ದಿಯಲ್ಲಿ ಕಂಪನಿ ಜಾಬ್ ಆಫರ್ ರಿಸಿಂಡ್ ಮಾಡಿತು ಅಂತ ಓದಿದೆ. ವಾಪಸ್ ತೆಗೆದುಕೊಂಡರು ಅಂತ ಅರ್ಥವಾಯಿತು. ಆದರೆ ರಿವೋಕ್, ರಿಪೀಲ್, ಕ್ಯಾನ್ಸಲ್ ಇಷ್ಟೆಲ್ಲ ಇರುವಾಗ ಇದೊಂದು ಬೇರೆ ಯಾಕೆ? ಮೂಲ ಎಲ್ಲಿಯದು? ಸ್ಪೆಲಿಂಗ್‌ನಲ್ಲಿ ಎಸ್ ಪಕ್ಕ ಒಂದು ಸಿ ಬೇರೆ ಸುಮ್ನೆ ಕೂತಿದೆ.

ಹಳೇಬೇರು:
ಸಿ ಉಚ್ಚಾರಣೆಯಲ್ಲಿ ಬರುವುದಿಲ್ಲ, ಲ್ಯಾಟಿನ್‌ನಿಂದ ಉಳಿದುಕೊಂಡದ್ದು. ಅಲ್ಲಿ ಸ್ಕಿಂಡೆರೆ ಅಂದರೆ ಸೀಳು, ಕಡಿ. ರೆಸ್ಕಿಂಡೆರೆ ಅಂದರೆ ಕಡಿದುಹಾಕು. ರೋಮನ್ನರು ಸೇತುವೆ ಕಡಿಯುವುದಕ್ಕೂ ಇದನ್ನೇ ಹೇಳುತ್ತಿದ್ದರು, ತೀರ್ಪು ರದ್ದು ಮಾಡುವುದಕ್ಕೂ ಇದನ್ನೇ. ಕ್ರಿ.ಪೂ. 58ರಲ್ಲಿ ಜಿನೀವಾದ ಸೇತುವೆಯನ್ನು ಕಡಿಸಿದ್ದನ್ನು ಸೀಸರ್ ಬರೆದಿರುವುದು ಇದೇ ಕ್ರಿಯಾಪದದಲ್ಲಿ. ರಿವೋಕ್ ಅಷ್ಟು ಒರಟಲ್ಲ, ಅದರ ಮೂಲ ಅರ್ಥ ಹಿಂದಕ್ಕೆ ಕರೆ ಅಂತ.

ಕರಾರು:
ಬಳಕೆಯಲ್ಲೂ ವ್ಯತ್ಯಾಸ ಇದೆ. ಲೈಸೆನ್ಸ್, ಪರವಾನಗಿ, ಕೊಟ್ಟ ಅಧಿಕಾರ ಇವಕ್ಕೆಲ್ಲ ರಿವೋಕ್. ಶಾಸನಸಭೆ ಕಾನೂನು ತೆಗೆದುಹಾಕಿದರೆ ರಿಪೀಲ್, ಅಮೆರಿಕದಲ್ಲಿ 1933ರಲ್ಲಿ ಪಾನನಿಷೇಧ ಹೋದದ್ದು ಹಾಗೆ. ರಿಸಿಂಡ್‌ನ ನಿಜವಾದ ಮಜಾ ಇರುವುದು ಕರಾರಿನಲ್ಲಿ. ಟರ್ಮಿನೇಟ್ ಮಾಡಿದರೆ ಸಾಮಾನ್ಯವಾಗಿ ಮುಂದಿನದು ಮಾತ್ರ ನಿಲ್ಲುತ್ತದೆ, ಹಿಂದೆ ನಡೆದದ್ದು ಹಾಗೇ ಉಳಿಯುತ್ತದೆ. ಆದರೆ ಸುಳ್ಳು ಹೇಳಿ ಸಹಿ ಹಾಕಿಸಿಕೊಂಡಿದ್ದಾರೆ ಅಂತ ಕರಾರನ್ನು ರಿಸಿಂಡ್ ಮಾಡಿದರೆ ಅದು ಮೊದಲಿನಿಂದಲೇ ಇರಲಿಲ್ಲ ಅನ್ನುವ ಲೆಕ್ಕ, ಇವರು ಕೊಟ್ಟ ಹಣ ಇವರಿಗೆ, ಅವರು ಕೊಟ್ಟ ವಸ್ತು ಅವರಿಗೆ ವಾಪಸ್ ಹೋಗಬೇಕು. ನೀವು ಓದಿದ ಜಾಬ್ ಆಫರ್ ಇನ್ನೂ ಒಪ್ಪಿಕೊಂಡಿರದ ಆಫರ್ ಆಗಿದ್ದರೆ ಕಾನೂನಿನ ಮಾತಿನಲ್ಲಿ ಅದು ರಿವೋಕ್. ಪತ್ರಿಕೆಯವರು ಅಷ್ಟೆಲ್ಲ ನೋಡುವುದಿಲ್ಲ, ಬಿಡಿ.

ಪದಹುಳ:
ಓಹ್, ಇದು ಗೊತ್ತಿರಲಿಲ್ಲ. ಹಾಗಾದರೆ ಸಿಸರ್ಸ್, ಅದೇ ಕತ್ತರಿ, ಅದೂ ಸ್ಕಿಂಡೆರೆಯಿಂದಲೇ ಬಂದದ್ದಲ್ವಾ? ಅಲ್ಲೂ ಎಸ್ ಪಕ್ಕ ಸಿ ಇದೆ.

ಹಳೇಬೇರು:
ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ, ಹಿಂದಿನ ಪಂಡಿತರೂ ಅಂದುಕೊಂಡಿದ್ದರು! ಸಿಸರ್ಸ್ ಮೂಲ ಬೇರೆ, ಕಡಿ ಅನ್ನುವ ಅರ್ಥದ್ದೇ ಆದ ಕೈಡೆರೆ ಅನ್ನುವ ಇನ್ನೊಂದು ಕ್ರಿಯಾಪದ. ಇಂಗ್ಲಿಷ್‌ಗೆ ಬಂದಾಗ ಅದು ಸಿ ಅಕ್ಷರದಿಂದಲೇ ಶುರುವಾಗುತ್ತಿತ್ತು. ಸ್ಕಿಂಡೆರೆಯ ನೆಂಟ ಅಂತ ಭಾವಿಸಿ 16ನೇ ಶತಮಾನದ ಸುಮಾರಿಗೆ ಮುಂದೆ ಎಸ್ ಅಂಟಿಸಿದರು.

ಕರಾರು:
ಇನ್ನೊಂದು ವಿಷಯ, ರಿಸಿಂಡ್‌ನ ನಾಮಪದ ರಿಸಿಝನ್. ಆರ್ಥಿಕ ಹಿಂಜರಿತದ ರಿಸೆಷನ್ ಬೇರೆ. ಅವಸರದಲ್ಲಿ ಟೈಪ್ ಮಾಡುವಾಗ ಜಾಸ್ತಿ ತಪ್ಪುವುದು ಇಲ್ಲೇ.