ಹಳೆ ಪಂಕ್ ಹ್ಯಾಂಡ್‌ಬಿಲ್: ಅಸಲಿಯೋ ನಕಲೋ? ಮಳೆಗಾಲಕ್ಕೆ ಏನು ಮಾಡುವುದು?

ಪೆರ್ಲದ ಕಾಗದಪ್ರೇಮಿ
ಲಾಸ್ ಏಂಜಲಿಸ್‌ನ ಪಂಕ್ (ಒರಟು ರಾಕ್ ಸಂಗೀತ) ಕಾರ್ಯಕ್ರಮಗಳ ನಾಲ್ಕು ಜೆರಾಕ್ಸ್ ಹ್ಯಾಂಡ್‌ಬಿಲ್ ಇವೆ. 1981-82ರವು ಅಂತ ಮಾರಿದವರ ಮಾತು. ಜತೆಗೆ ಲಂಡನಿನ ಒಂದು ಆಫ್‌ಸೆಟ್ ಪೋಸ್ಟರ್, 20x30 ಇಂಚು, ಗುಲಾಬಿ ಫ್ಲೋರೊಸೆಂಟ್ ಮಸಿ. ಹ್ಯಾಂಡ್‌ಬಿಲ್ ಆ ಕಾಲದ್ದೇ ಅಂತ ತಿಳಿಯುವುದು ಹೇಗೆ? ಮುರಕಲ್ಲಿನ ಮನೆಯಲ್ಲಿ ಆಟಿ ಕಳೆಯುವವರೆಗೆ ಹೇಗೆ ಇಡುವುದು? ಲ್ಯಾಮಿನೇಶನ್ ಮಾಡಿಸಿದರೆ ಆದೀತಾ?

ಮಂಜೇಶ್ವರದ ಮಸಿಗಾರ
ಲ್ಯಾಮಿನೇಶನ್ ಬೇಡವೇ ಬೇಡ ಮಾರಾಯ್ರೆ. ಬಿಸಿಗೆ ಟೋನರ್ (ಜೆರಾಕ್ಸಿನ ಪುಡಿಮಸಿ) ಮೆತ್ತಗಾಗುತ್ತದೆ, ಅಂಟು ಕಾಗದದ ಒಳಗೆ ಇಳಿಯುತ್ತದೆ, ಮತ್ತೆ ಬಿಡಿಸಲಾಗದು.

ಅಸಲಿ ನೋಡಲು ಮೊದಲು ಸ್ಕೇಲ್ ತೆಗೆಯಿರಿ. ಅಮೆರಿಕದ ಮಾಮೂಲಿ ಹಾಳೆ 216x279 ಮಿ.ಮೀ., ಉದ್ದದ್ದಾದರೆ 216x356. ನಮ್ಮ ಎ4 210x297. ಲಾಸ್ ಏಂಜಲಿಸ್‌ನದು ಅಂತ ಹೇಳಿ ಎ4 ಕೊಟ್ಟಿದ್ದರೆ ನಂಬಬೇಡಿ. ಅಳತೆ ಸರಿ ಇದ್ದರೂ ಅದೊಂದರಿಂದ ಏನೂ ಸಾಬೀತಾಗದು.

ಆಮೇಲೆ 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ. ಆ ಕಾಲದ ಜೆರಾಕ್ಸ್ ಯಂತ್ರ ತಾನಾಗಿ ಚುಕ್ಕೆ ಹಾಕುತ್ತಿರಲಿಲ್ಲ. ಬೂದು ಭಾಗ ಕಲೆಕಲೆಯಾಗಿ, ಮರಳು ಚೆಲ್ಲಿದ ಹಾಗೆ ಬರುತ್ತಿತ್ತು. ಈಗಿನ ಡಿಜಿಟಲ್ ಯಂತ್ರ ಬೂದು ಭಾಗವನ್ನು ಒಂದೇ ಲೆಕ್ಕದ ಚುಕ್ಕೆಗಳಾಗಿ ಒಡೆಯುತ್ತದೆ. ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಫೋಟೊದಲ್ಲಿ ಚುಕ್ಕೆ ಇದ್ದೇ ಇರುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಕೈಬರಹದ ಅಕ್ಷರದ ಅಂಚಲ್ಲೂ, ಕತ್ತರಿಸಿ ಅಂಟಿಸಿದ ತುಂಡಿನ ನೆರಳಲ್ಲೂ ಚುಕ್ಕೆ ಕಂಡರೆ ಅದು ಸ್ಕ್ಯಾನ್ ಮಾಡಿ ತೆಗೆದ ಪ್ರತಿ.

ಕಲಾವಿದ ರೇಮಂಡ್ ಪೆಟಿಬಾನ್ ಪಂಕ್ ತಂಡ ಬ್ಲ್ಯಾಕ್ ಫ್ಲ್ಯಾಗ್‌ಗೆ ಬಿಡಿಸಿದ್ದು ನಿಮ್ಮಲ್ಲಿದ್ದರೆ ನೆರಳಿಗೆ ಎಳೆದ ಒತ್ತೊತ್ತು ಗೆರೆಗಳನ್ನೇ ನೋಡಿ. ಪ್ರತಿಯ ಪ್ರತಿ ತೆಗೆದಾಗ ಗೆರೆಗಳ ನಡುವಿನ ಬಿಳಿ ಮುಚ್ಚಿ ಕಪ್ಪು ಮುದ್ದೆಯಾಗುತ್ತದೆ. ಅವರ ಹೆಸರಿಗೆ ಬೆಲೆ ಬಂದ ಮೇಲೆ ನಕಲು ತುಂಬಾ ಓಡಾಡುತ್ತಿದೆ.

ನೇರಳಾತೀತ (ಯುವಿ) ಟಾರ್ಚ್ ಹಿಡಿದು ಕಾಗದ ಹೊಳೆದರೆ ಹೊಸದು ಅನ್ನುವವರಿದ್ದಾರೆ. ಅದು ತಪ್ಪು. ಹೀಗೆ ಹೊಳೆಯುವ, ಬೆಳ್ಳಗಾಗಿಸುವ ರಾಸಾಯನಿಕ 1950ರ ದಶಕದಿಂದಲೇ ಕಾಗದಕ್ಕೆ ಬೀಳುತ್ತಿದೆ.

ಕುಂಬಳೆ ಕಡಲತಡಿ
ಇಡುವ ವಿಷಯ ನಾನು ಹೇಳುತ್ತೇನೆ. ಅಂಗಡಿಯ ಸಾಮಾನ್ಯ ಪಿವಿಸಿ ಕವರ್ ಟೋನರನ್ನು ಎಳೆದುಕೊಳ್ಳುತ್ತದೆ, ತೆಗೆಯುವಾಗ ಅಕ್ಷರ ಕವರಿಗೇ ಅಂಟಿ ಬರುತ್ತದೆ. ಪಾಲಿಯೆಸ್ಟರ್ ಹಾಳೆ ತನ್ನಿ, 75ರಿಂದ 100 ಮೈಕ್ರಾನ್. ಎರಡು ಬದಿ ತೆರೆದೇ ಇರಲಿ. ನಾಲ್ಕೂ ಬದಿ ಮುಚ್ಚಿದರೆ ಕಾಗದದೊಳಗಿನ ತೇವ ಅಲ್ಲೇ ಕೂತು ಬೂಸ್ಟು ಹಿಡಿಯುತ್ತದೆ.

ರಬ್ಬರ್ ಅಂಚಿನ, ಗಾಳಿಯಾಡದ 40 ಲೀಟರ್ ಡಬ್ಬಿಗೆ ತೇವ ಹೀರುವ ಸಿಲಿಕಾ ಜೆಲ್ (ಬಣ್ಣ ಬದಲಿಸುವ ಬಗೆಯದು) ಅರ್ಧ ಕಿಲೊ, ಬಟ್ಟೆ ಚೀಲದಲ್ಲಿ. ಒಳಗೆ ತೇವಾಂಶ ತೋರಿಸುವ ಸಣ್ಣ ಮೀಟರ್. ಮುಳ್ಳು ಶೇ. 45-55ರಲ್ಲಿರಲಿ. 65 ದಾಟಿದರೆ ಬೂಸ್ಟಿಗೆ ದಾರಿ, 40ಕ್ಕಿಂತ ಇಳಿದರೆ ಅರ್ಧ ಜೆಲ್ ಹೊರಗೆ ತೆಗೆಯಿರಿ, ಕಾಗದ ಸೆಡೆಯುತ್ತದೆ. ಜೆಲ್ ಬಣ್ಣ ಬದಲಾದಾಗ ಓವನ್‌ನಲ್ಲಿ 110-120 ಡಿಗ್ರಿಗೆ ಎರಡು ಗಂಟೆ. ಕಾಗದವನ್ನು ಡಬ್ಬಿಗೆ ಹಾಕುವ ಕೆಲಸ ಜನವರಿ-ಫೆಬ್ರವರಿಯ ಒಣ ಹವೆಯಲ್ಲೇ ಮುಗಿಸಿ. ಹೊರಗೋಡೆಗೆ ತಾಗಿಸಿ ಇಡಬೇಡಿ, ಮುರಕಲ್ಲು ಮಳೆನೀರು ಹೀರಿ ತಿಂಗಳುಗಟ್ಟಲೆ ತಣ್ಣಗಿರುತ್ತದೆ.

ಸ್ಟೇಪಲ್ ಪಿನ್ ಇದ್ದರೆ ಈಗಲೇ ಕಾಲು ಬಿಡಿಸಿ ತೆಗೆಯಿರಿ. ನಮ್ಮ ಉಪ್ಪುಗಾಳಿಗೆ ಅದು ಒಂದೇ ಮಳೆಗಾಲದಲ್ಲಿ ಕಂದು ಕಲೆ ಬಿಡುತ್ತದೆ. ಯಕ್ಷಗಾನ ಮೇಳಗಳ ಹಳೆ ಕರಪತ್ರ ಇಟ್ಟುಕೊಂಡವರಿಗೂ ಇದೇ ಕ್ರಮ ಸಾಕು. ಅವನ್ನು ಉಳಿಸುವವರು ಕಡಿಮೆಯಾಗಿದ್ದಾರೆ, ದಯವಿಟ್ಟು ಮಾಡಿ.

ಪೆರ್ಲದ ಕಾಗದಪ್ರೇಮಿ
ಅಳೆದೆ. ಮೂರು 216x279, ಒಂದು ಎ4! ಇನ್ನೆರಡು ಸಂಗತಿ: ಒಂದರ ಹಿಂದೆ ಮೈದಾ ಅಂಟಿನಂಥದ್ದು ಒಣಗಿ ಕೂತಿದೆ, ಪಕ್ಕದಲ್ಲಿ ಬೆಳ್ಳಿಹುಳ ತಿಂದ ಗುರುತೂ ಇದೆ. ಪೋಸ್ಟರಿಗೆ ಫ್ರೇಮ್ ಹಾಕಿಸಬಹುದಾ?

ಮಂಜೇಶ್ವರದ ಮಸಿಗಾರ
ಹುಳಕ್ಕೆ ಫ್ರೀಜರ್. ಪಾಲಿಥೀನ್ ಚೀಲದಲ್ಲಿ ಗಾಳಿ ಹಿಂಡಿ ಮುಚ್ಚಿ, ಮೈನಸ್ 18ರಲ್ಲಿ ಎರಡು ವಾರ. ಹೊರಗೆ ತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಕಾಗದದ ಮೇಲೆ ನೀರು ಕೂರುತ್ತದೆ. ಅಂಟನ್ನು ಕೆರೆಯಲು ಹೋಗಬೇಡಿ. ಗೋಡೆಗೆ ಹಚ್ಚಿದ್ದ ಕಾಗದ ಅನ್ನುವುದಕ್ಕೆ ಅದೇ ಸಾಕ್ಷಿ.

ಫ್ಲೋರೊಸೆಂಟ್ ಮಸಿ ಬೆಳಕಿಗೆ ಬಹಳ ಬೇಗ ಸಾಯುತ್ತದೆ. ಫ್ರೇಮ್ ಹಾಕಿಸುವುದಾದರೆ ಯುವಿ ತಡೆಯುವ ಅಕ್ರಿಲಿಕ್, ಸುತ್ತ ಆಮ್ಲವಿಲ್ಲದ ರಟ್ಟಿನ ಚೌಕಟ್ಟು. ಅಕ್ರಿಲಿಕ್‌ಗೂ ಪೋಸ್ಟರಿಗೂ ನಡುವೆ ಮೂರು ಮಿ.ಮೀ. ಸಂದು ಬೇಕು, ಇಲ್ಲವಾದರೆ ತೇವಕ್ಕೆ ಮಸಿ ಅಂಟಿಕೊಳ್ಳುತ್ತದೆ. ಪೂರ್ವದ ಕಿಟಕಿಯ ಎದುರು ಮಾತ್ರ ತೂಗಿಸಬೇಡಿ.