ಅಪ್‌ಡೇಟ್: ಮುಂದೊಗಲು ಬಿಗಿಯಾಗಿತ್ತು, ಆಪರೇಷನ್ ಇಲ್ಲದೆ ಸರಿಹೋಯಿತು

ಎರಡು ತಿಂಗಳ ಹಿಂದೆ ಈ ತೊಂದರೆಗೆ ಏನು ಮಾಡಲಿ ಎಂದು ಇಲ್ಲಿ ಕೇಳಿದ್ದೆ. ವಯಸ್ಸು 41, ಊರು ಗದಗ. ಮುಂದೊಗಲು (ಶಿಶ್ನದ ತುದಿ ಮುಚ್ಚುವ ಚರ್ಮ) ಬಿಗಿಯಾಗಿ ಹಿಂದೆ ಸರಿಯುತ್ತಿರಲಿಲ್ಲ, ಅಂಚಿನಲ್ಲಿ ಸಣ್ಣ ಸಣ್ಣ ಸೀಳು, ಮೂತ್ರಕ್ಕೆ ಹೋದಾಗ ಉರಿ. ಇದಕ್ಕೆ ಫೈಮೋಸಿಸ್ ಅಂತಾರೆ.

ಕೊಬ್ಬರಿ ಎಣ್ಣೆ ಹಚ್ಚಿದೆ, ಏನೂ ಆಗಲಿಲ್ಲ. ಜೋರಾಗಿ ಎಳೆದು ನೋಡಿದೆ, ಸೀಳು ಇನ್ನೂ ಜಾಸ್ತಿಯಾಯಿತು. ದಯವಿಟ್ಟು ಹಾಗೆ ಮಾಡಬೇಡಿ.

"ದೊಡ್ಡವರಾದ ಮೇಲೆ ಹೀಗಾದರೆ ಮೊದಲು ಶುಗರ್ ಚೆಕ್ ಮಾಡಿಸಿ" ಎಂದವರಿಗೆ ಕೈ ಮುಗಿಯುತ್ತೇನೆ. ಹುಬ್ಬಳ್ಳಿಯಲ್ಲಿ ಯುರಾಲಜಿ ಡಾಕ್ಟರಿಗೆ ತೋರಿಸಿದೆ. ಖಾಲಿ ಹೊಟ್ಟೆಯಲ್ಲೇ ಶುಗರ್ 212! ನನಗೆ ಗೊತ್ತೇ ಇರಲಿಲ್ಲ. ಶುಗರ್ ಜಾಸ್ತಿ ಇದ್ದರೆ ಮೂತ್ರದಲ್ಲೂ ಸಕ್ಕರೆ ಹೋಗುತ್ತದೆ, ಅಲ್ಲಿ ಫಂಗಸ್ ಬೆಳೆಯುತ್ತದೆ, ಪದೇ ಪದೇ ಸೋಂಕಾಗಿ ಚರ್ಮ ಬಿಗಿಯುತ್ತದೆ ಎಂದರು.

ಮೊದಲು ಫಂಗಸ್ ಕ್ರೀಮ್, ಜೊತೆಗೆ ಶುಗರ್ ಮಾತ್ರೆ. ಆಮೇಲೆ ಬೀಟಾಮೆಥಾಸೋನ್ 0.05% ಎಂಬ ಸ್ಟೀರಾಯ್ಡ್ ಕ್ರೀಮ್ ದಿನಕ್ಕೆ ಎರಡು ಸಲ, ಬಿಗಿಯಾದ ಅಂಚಿಗಷ್ಟೇ, ತೆಳ್ಳಗೆ. ನೋವಾಗದಷ್ಟು ಮಾತ್ರ ಚರ್ಮ ಸರಿಸಿ ಕೂಡಲೇ ಮುಂದಕ್ಕೆ ತರಬೇಕು. ಹಿಂದೆಯೇ ಸಿಕ್ಕಿಕೊಂಡು ಬಾತರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಇದನ್ನು ಎರಡೆರಡು ಸಲ ಹೇಳಿದರು. ಐದನೇ ವಾರಕ್ಕೆ ಪೂರ್ತಿ ಸರಿಯಿತು.

ಸುನ್ನತಿ ಆಪರೇಷನ್ ಒಂದೇ ದಾರಿ ಎಂದವರೂ ಇದ್ದರು. ನನಗೆ ಬೇಕಾಗಲಿಲ್ಲ. ಆದರೆ ಚರ್ಮ ಬೆಳ್ಳಗಾಗಿ ಗಟ್ಟಿ ಕಲೆಯಾಗಿದ್ದರೆ ಕ್ರೀಮ್ ಸಾಲದೆ ಅದೇ ಬೇಕಾಗಬಹುದಂತೆ.

ನಾಚಿಕೆಯಿಂದ ಒಂದು ವರ್ಷ ಸುಮ್ನೆ ಕೂತಿದ್ದೆ. ಡಾಕ್ಟರು ಐದೇ ನಿಮಿಷದಲ್ಲಿ ನೋಡಿ ಮುಗಿಸಿದರು. ಮುಂದಿನ ತಿಂಗಳು ಮತ್ತೆ ಶುಗರ್ ಚೆಕ್ ಇದೆ.